ಆಂಟಿಯ ಚೆಕ್ಕುಬಂದಿ

ಹೆಂಡತಿ ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ, ಫಾರ್ಮು ಬಂತು. ಆಸ್ಪತ್ರೆಯವರು ಕೊಟ್ಟ ಆ ಫಾರ್ಮಿನ ಎಲ್ಲ ಕಾಲಮ್ಮುಗಳನ್ನೂ ಒಂದು ಅಕ್ಷರ ಹೊಡೆದುಹಾಕದೆ ತುಂಬಿಕೊಟ್ಟೆ. "ಎಷ್ಟು ನೀಟಾಗಿದೆ" ಎಂದಳು ನರ್ಸು. ಮೂವತ್ತನಾಲ್ಕು ವರ್ಷ ಹಾವೇರಿ ಸೀಮೆಯ ತಾಲೂಕು ಕಚೇರಿಗಳಲ್ಲಿ ಭೂದಾಖಲೆ ಗುಮಾಸ್ತನಾಗಿದ್ದವನಿಗೆ ಸಿಕ್ಕ ಕಟ್ಟಕಡೆಯ ಪ್ರಶಂಸೆ ಅದು. ಆಮೇಲೆ, ನಿವೃತ್ತಿಯ ನಂತರ ನಾವಿಬ್ಬರೂ ಬಂದು ನೆಲೆಸಿದ್ದ ನ್ಯೂಜಿಲೆಂಡಿನ ನ್ಯೂ ಲಿನ್‌ನಲ್ಲಿ ಮಗಳ ಮನೆಯ ಕುರ್ಚಿಯೊಂದರಲ್ಲಿ ಒಂದು ವರ್ಷ ಕುಳಿತೆ. ಅದನ್ನು ದುಃಖವೆಂದು ದೃಢೀಕರಿಸಲು ಬೇಕಾದ ಯಾವ ದಾಖಲೆಯೂ ನನ್ನ ಬಳಿ ಇರಲಿಲ್ಲ.

ಮಗಳೇ ಒಂದು ದಿನ ಹೇಳಿದಳು: "ಅಬ್ಬಾಜಾನ್, ಗ್ವಾಡಿ ನೋಡಿದ್ದು ಸಾಕು. ಮನುಕಾವ್‌ದಾಗ ಒಂದು ಆಫೀಸ್ ಐತಿ, ಫೈಲ್ ಜೋಡಸಾಕ ವಾಲಂಟಿಯರ್ ಬೇಕಂತ. ಹಳೇ ಕಾಗದ ಅಂದ್ರ ನಿಮಗ ಹಬ್ಬ ಅಲ್ಲೇನು?"

ಹಬ್ಬಕ್ಕೆ ಎರಡು ರೈಲು ಹತ್ತಿ ಹೋದೆ. ಬೇಕರಿಯೊಂದರ ಮೇಲಿನ ಎರಡು ಕೋಣೆ. ಹಿಂದೆಂದೋ ಸರ್ಕಾರ ಕಿತ್ತುಕೊಂಡ ನೆಲಕ್ಕಾಗಿ ಇನ್ನೂ ಅಲೆಯುವ, ಈ ದೇಶದ ಮೂಲನಿವಾಸಿಗಳಾದ ಮಾವೋರಿ ಕುಟುಂಬಗಳ ಪರವಾಗಿ ಅರ್ಜಿ ಬರೆಯುವ ಸಂಸ್ಥೆ ಅದು. ಮುಖ್ಯಸ್ಥೆಯೂ ಮಾವೋರಿಯೇ, ನನ್ನ ಮಗಳ ವಯಸ್ಸಿನ ವಕೀಲೆ. ನಾನು ಮೊದಲ ವಾರವೇ ಬಿಡಿ ಕಾಗದಗಳಿಗೆಲ್ಲ ಪುಟಸಂಖ್ಯೆ ಹಾಕಿ, ದಬ್ಬಣದಿಂದ ತೂತು ಮಾಡಿ, ದಾರ ಪೋಣಿಸಿ ಕಟ್ಟಿದೆ. ಆಕೆ ಒಂದು ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಂಕಲ್, ಇದನ್ನ ಬಿಚ್ಚೋದು ಹೇಗೆ?"

ಈ ಪ್ರಶ್ನೆ ನನ್ನ ಸೇವಾವಧಿಯಲ್ಲಿ ಉದ್ಭವಿಸಿರಲಿಲ್ಲ.

ಆಂಟಿ ಬಂದದ್ದು ಎರಡನೇ ತಿಂಗಳಲ್ಲಿ. ವಯಸ್ಸು ಎಂಬತ್ತು ದಾಟಿತ್ತು, ಕೈಯಲ್ಲಿ ಕೋಲು, ಮೊಣಕಾಲಿನ ತಕರಾರು. ಅಲ್ಲಿ ಎಲ್ಲರೂ ಆಕೆಯನ್ನು ಆಂಟಿ ಎನ್ನುತ್ತಿದ್ದರು. ಅರವತ್ತೆಂಟರ ನಾನೂ ಅಂದೆ. ಆಕೆಯ ಅಜ್ಜನ ನೆಲವನ್ನು ರಸ್ತೆಗೆಂದು ತೆಗೆದುಕೊಂಡಿದ್ದರಂತೆ. ರಸ್ತೆ ಬರಲಿಲ್ಲ, ನೆಲವೂ ವಾಪಸು ಬರಲಿಲ್ಲ. ಈಗ ಅಲ್ಲಿ ಯಾವುದೋ ಕಂಪನಿ ಜಲ್ಲಿ ರಾಶಿ ಹಾಕಿಕೊಂಡಿದೆ, ಸುತ್ತ ತಂತಿಬೇಲಿ. ಒಳಗೊಂದು ಮೂಲೆಯಲ್ಲಿ ಆಂಟಿಯ ತಾಯಿಯ ಗೋರಿ. ನೆಲದ ಮೊಕದ್ದಮೆ ತನ್ನ ಕಾಲದಲ್ಲಿ ಮುಗಿಯುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಕಾಲು ಪೂರ್ತಿ ಸೋಲುವ ಮೊದಲು ಅಮ್ಮನ ಹತ್ತಿರ ಹೋಗಿ ಬರಬೇಕು, ಅಷ್ಟೇ. ಎರಡು ಸಲ ಅರ್ಜಿ ತಿರಸ್ಕೃತವಾಗಿತ್ತು. ಗೋರಿಯ ಜಾಗ ಸ್ಪಷ್ಟವಿಲ್ಲ ಎಂಬುದು ಕಾರಣ. ಕಲ್ಲಿರಲಿಲ್ಲ, ನೆಟ್ಟಿದ್ದ ಮರದ ಹಲಗೆ ಕೊಳೆತುಹೋಗಿತ್ತು.

ಹೇಳಿಕೆ ಬರೆದುಕೊಳ್ಳಲು ನನ್ನನ್ನು ಕೂರಿಸಿದರು. ಆಂಟಿ ಬೆನ್ನು ನೆಟ್ಟಗೆ ಮಾಡಿ, ನನ್ನ ಬೆಟ್ಟ ಇಂಥದ್ದು, ನನ್ನ ಹೊಳೆ ಇಂಥದ್ದು ಎಂದು ಶುರುಮಾಡಿದರು. ನನಗೆ ಜೀವ ಬಂದಂತಾಯಿತು. ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಚೆಕ್ಕುಬಂದಿಯಿಲ್ಲದೆ ನಮ್ಮಲ್ಲಿ ಒಂದು ಗುಂಟೆಯೂ ಕೈ ಬದಲಾಯಿಸುವುದಿಲ್ಲ. ಪೂರ್ವಕ್ಕೆ ಬೆಟ್ಟ, ಪಶ್ಚಿಮಕ್ಕೆ ಹೊಳೆ ಎಂದು ಗಂಭೀರವಾಗಿ ದಾಖಲಿಸಿದೆ.

ವಕೀಲೆ ಓದಿ ತುಟಿ ಕಚ್ಚಿಕೊಂಡಳು. "ಅಂಕಲ್, ಆ ಬೆಟ್ಟ ಇಲ್ಲಿಂದ ನಾಲ್ಕು ಗಂಟೆ ದಾರಿ. ನಾವು ಯಾರು ಅಂತ ಹೇಳ್ಕೊಳ್ಳೋದೇ ಹಾಗೆ. ಇದು ನೆಲದ ಗಡಿ ಅಲ್ಲ, ಆಂಟಿದು."

ಆಂಟಿ ನಕ್ಕದ್ದು ಕೆಳಗಿನ ಬೇಕರಿಗೂ ಕೇಳಿಸಿರಬೇಕು. "ಇರ್ಲಿ ಬಿಡೇ. ಇಷ್ಟು ವರ್ಷದಲ್ಲಿ ಯಾರೂ ನಂಗೆ ಬೇಲಿ ಹಾಕಿರಲಿಲ್ಲ. ಗುಮಾಸ್ತರೇ, ಈಗ ಅಮ್ಮಂದು ಬರ್ಕೊಳ್ಳಿ."

ಬರೆದುಕೊಂಡೆ. ಪೂರ್ವಕ್ಕೆ ಕವಲೊಡೆದ ಹಳೆಯ ಮರ. ಪಶ್ಚಿಮಕ್ಕೆ ಉಬ್ಬರದಲ್ಲಿ ಮಾತ್ರ ನೀರು ತುಂಬುವ ತೋಡು. ಉತ್ತರಕ್ಕೆ ಹಳೆ ಬಾವಿಯ ಕಲ್ಲು. ದಕ್ಷಿಣಕ್ಕೆ, ಚಿಕ್ಕವಳಿದ್ದಾಗ ಎಣಿಸಿದ ಹದಿನಾಲ್ಕು ಹೆಜ್ಜೆ ಆಚೆ, ಒಂದು ದಿಬ್ಬ. ಮೂರನೇ ಅರ್ಜಿಗೆ ಇದನ್ನು ಲಗತ್ತಿಸಿದೆವು. ಮಂಜೂರಾಯಿತು: ಒಂದು ಗಂಟೆ, ಹೆಲ್ಮೆಟ್ಟು ಮತ್ತು ಹೊಳೆಯುವ ಜಾಕೆಟ್ಟು ಕಡ್ಡಾಯ.

ಹೀಗೆ ಆಂಟಿ, ಮಗಳು ತಾಯಿಯನ್ನು ನೋಡಲು ಹೋಗಬೇಕಾದ ಉಡುಪಿನಲ್ಲಿ, ಅಂದರೆ ಕಿತ್ತಳೆ ಜಾಕೆಟ್ಟು ಬಿಳಿ ಹೆಲ್ಮೆಟ್ಟಿನಲ್ಲಿ, ಹೊರಟರು. ಗೇಟಿನ ರಿಜಿಸ್ಟರಿನಲ್ಲಿ 'ಭೇಟಿಯ ಉದ್ದೇಶ' ಎಂಬ ಕಾಲಮ್ಮಿತ್ತು: ಸಾಮಾನು ಸಾಗಣೆ, ದುರಸ್ತಿ, ಇತರೆ. ಪೆನ್ನು ನನ್ನ ಕೈಯಲ್ಲಿತ್ತು. 'ಇತರೆ'ಗೆ ಗುರುತು ಹಾಕಿದೆ.

ಮರ ಇತ್ತು, ಬಾವಿಯ ಕಲ್ಲೂ ಇತ್ತು. ದಿಬ್ಬದ ಮೇಲೆ ಜಲ್ಲಿ ಸುರಿದಿದ್ದರು, ಆದರೂ ಹೆಜ್ಜೆ ಎಣಿಸಿ ಜಾಗ ಹಿಡಿದೆವು. ಆಂಟಿ ಅಲ್ಲಿ ನಿಂತು ಬಹಳ ಹೊತ್ತು ತಮ್ಮ ಭಾಷೆಯಲ್ಲಿ ಮಾತಾಡಿದರು. ನಡುವೆ ಒಮ್ಮೆ ಬೈದಂತೆಯೂ ಕೇಳಿಸಿತು. ವಕೀಲೆ ಕಣ್ಣೊರೆಸಿಕೊಂಡಳು. ನಾನು ಗಡಿಯಾರ ನೋಡಿಕೊಂಡೆ, ಯಾಕೆಂದರೆ ಯಾರಾದರೂ ನೋಡಬೇಕಲ್ಲ.

ಹೊರಬಂದ ಮೇಲೆ ಆಂಟಿ ಬಾಟಲಿಯಿಂದ ನನ್ನ ಕೈಗೆ ನೀರು ಸುರಿದರು. ಬೊಗಸೆಯೊಡ್ಡಿ ಕುಡಿದುಬಿಟ್ಟೆ.

"ಕುಡಿಯೋಕಲ್ಲ, ಗುಮಾಸ್ತರೇ! ಸತ್ತವರ ಹತ್ರ ಹೋಗಿ ಬಂದ್ರೆ ತೊಳ್ಕೊಬೇಕು. ನಿಮ್ಮೋರು ಯಾರೂ ಸತ್ತಿಲ್ವಾ?"

"ಹೆಂಡತಿ," ಎಂದೆ.

ಆಂಟಿ ಇನ್ನಷ್ಟು ನೀರು ಸುರಿದರು.

ಮತ್ತೆ ಬರಬಹುದೇ ಎಂದು ಕಾವಲುಗಾರನನ್ನು ವಕೀಲೆ ಕೇಳಿದಳು. ಪ್ರತಿ ಸಲಕ್ಕೂ ಹೊಸ ಅರ್ಜಿ ಎಂದ. ಆಂಟಿ ಕಾರಿನಲ್ಲಿ ಕೂರುತ್ತಲೇ ಕೋಲಿನಿಂದ ನನ್ನ ಚೀಲ ತಟ್ಟಿದರು. "ಇಲ್ಲೇ ಬರೀರಿ. ಅಮ್ಮನಿಗೆ ಇನ್ನೂ ಅರ್ಧ ಮಾತು ಹೇಳೋದಿದೆ." ತೊಡೆಯ ಮೇಲೆ ಫೈಲಿಟ್ಟು ಬರೆದೆ. ನಾಲ್ಕೂ ದಿಕ್ಕು ಬಾಯಿಪಾಠವಾಗಿತ್ತು.

ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಸೋಮವಾರ ಆಂಟಿ ಮೆಟ್ಟಿಲು ಹತ್ತಿ ಬಂದು ಕೇಳುತ್ತಾರೆ. ಮೆಟ್ಟಿಲಿಗೆ ಹಿಡಿಯುವ ಹೊತ್ತು ವಾರವಾರಕ್ಕೂ ಹೆಚ್ಚುತ್ತಿದೆ.

ಶುಕ್ರವಾರ ನಮಾಜು ಮುಗಿಸಿ ನಾನು ಎಂದಿನಂತೆ ಹೆಂಡತಿಯ ಗೋರಿಗೆ ಹೋದೆ. ಈ ದೇಶಕ್ಕೆ ಬಂದು ನನಗೆ ನಾಲ್ಕೇ ವರ್ಷ. ಗೇಟು ತೆರೆದೇ ಇತ್ತು. ರಿಜಿಸ್ಟರಿಲ್ಲ, ಜಾಕೆಟ್ಟಿಲ್ಲ, ಉದ್ದೇಶ ಕೇಳುವವರಿಲ್ಲ. ಸಹಿ ಪಡೆಯಲು ಯಾರಾದರೂ ಬರಬಹುದೆಂದು ಸ್ವಲ್ಪ ಹೊತ್ತು ಗೇಟಿನಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಫಾತಿಹಾ ಓದಿದೆ. ಹೊರಬರುವಾಗ ನಲ್ಲಿ ತಿರುಗಿಸಿ ಕೈ ತೊಳೆದೆ. ಕುಡಿಯಲಿಲ್ಲ.