ಒಳ ಅಂಗಳದ ನಾಲಿಗೆ ಜರಿ

ಕಳೆದ ವಾರ ತಮ್ಮನ ಮೊಮ್ಮಗಳು ಧಾರವಾಡದ ನರ್ಸರಿಯಿಂದ ಒಂದು ಗಿಡ ತಂದುಕೊಟ್ಟಳು. ಕುಂಡವಿಲ್ಲ, ಮಣ್ಣಿಲ್ಲ. ಒಂದು ಹಲಗೆಗೆ ತೆಂಗಿನ ನಾರು ಸುತ್ತಿ, ಅದರ ಮೇಲೆ ಗಿಡವನ್ನು ದಾರದಿಂದ ಬಿಗಿದಿದ್ದರು. "ಆಯಿ, ಇದನ್ನ ಬಕೀಟನ್ಯಾಗ ಮುಳುಗಿಸಿ ತಗದ್ರ ಸಾಕಂತ" ಎಂದಳು. ಬಚ್ಚಲಲ್ಲಿ ಕುಳಿತು ಮುಳುಗಿಸಿ ತೆಗೆದೆ. ನೆನೆದ ನಾರು, ಇದ್ದಿಲು, ಒಂದಿಷ್ಟು ಪಾಚಿ... ಆ ವಾಸನೆ ಮೂಗಿಗೆ ಬಂದಾಗ ಬೈಲಹೊಂಗಲದ ಮನೆಯೊಡತಿ ಅವ್ವಾರು ನೆನಪಾದರು. ಹಲಗೆಯಿಂದ ನೀರು ಸೋರಿ ಮುಗಿಯುವವರೆಗೂ ಅಲ್ಲೇ ಕುಳಿತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮನೋಳಿಯವಳು. ನರ್ಸಿಂಗ್ ಕಲಿತು, ಬೈಲಹೊಂಗಲದ ಸರಕಾರಿ ದವಾಖಾನೆಗೆ ಕೆಲಸಕ್ಕೆ ಬಂದಿದ್ದೆ. ಇರಲು ಒಂದು ಖೋಲಿ ಬೇಕಿತ್ತು. ಹೋದಲ್ಲೆಲ್ಲ ಖೋಲಿ ತೋರಿಸುತ್ತಿದ್ದರು, ಚಹಾ ಕುಡಿಯುತ್ತೀರಾ ಎಂದು ಕೇಳುತ್ತಿದ್ದರು, ಆಮೇಲೆ "ನೀವು ಯಾರ ಪೈಕಿ?" ಎನ್ನುತ್ತಿದ್ದರು. ಬೌದ್ಧರು ಎಂದ ಮೇಲೆ ಆ ಖೋಲಿಗೆ ಅಳಿಯ ಬರುವವನಿರುತ್ತಿದ್ದ, ಇಲ್ಲವೇ ಕಾಳಿನ ಚೀಲ ಇಡಬೇಕಾಗಿರುತ್ತಿತ್ತು.

ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮಾಳಿಗೆ ಮನೆಯಿತ್ತು. ಅಲ್ಲಿ ಅವ್ವಾರು ಒಬ್ಬರೇ ಇದ್ದರು. ಗಂಡ ಹತ್ತಿಯ ವ್ಯಾಪಾರ ಮಾಡಿಕೊಂಡಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದರು. ಗೋಡೆಯಾಚೆಗಿನ ಮನೆಯಲ್ಲಿ ಮೈದುನನ ಸಂಸಾರ. ಅವ್ವಾರದು ಹಣೆಯ ತುಂಬ ವಿಭೂತಿ, ಇಳಕಲ್ಲ ಸೀರೆ, ಮಾತು ಕಡಿಮೆ. ಅವರೂ ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ.

"ಹೊರಗಿನ ಖೋಲಿ ಕೊಡತೇನ್ರಿ ನರ್ಸಬಾಯಾರ. ನೀರು ನಾನ ಸೇದಿ ಕೊಡತೇನಿ" ಎಂದರು.

ಆ ಎರಡನೆಯ ಮಾತಿನ ಅರ್ಥ ನನಗೆ ತಿಳಿಯಿತು. ಬಾವಿ ಒಳ ಅಂಗಳದಲ್ಲಿತ್ತು. ನಾನು ನಡುಬಾಗಿಲು ದಾಟುವಂತಿಲ್ಲ, ಅಷ್ಟೆ. ಒಪ್ಪಿಕೊಂಡೆ. ದಿನವೂ ಬೆಳಗ್ಗೆ ಬಾಗಿಲ ಹೊರಗೆ ನನ್ನ ಕೊಡ ಇಡುತ್ತಿದ್ದೆ, ಅವರು ತಮ್ಮ ಕೊಡದಿಂದ ಎತ್ತರಿಸಿ ಸುರಿಯುತ್ತಿದ್ದರು. ಚೆಲ್ಲದ ಹಾಗೆ ಜೋಪಾನವಾಗಿ ಸುರಿಯುತ್ತಿದ್ದರು, ಅದನ್ನು ಹೇಳಲೇಬೇಕು.

ಹಾಗೆ ನೀರು ತುಂಬುವಾಗ ನಡುಬಾಗಿಲಿನ ಚೌಕಟ್ಟಿನಲ್ಲಿ ಒಳ ಅಂಗಳ ಕಾಣುತ್ತಿತ್ತು. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೆ ಅಲ್ಲಿ ಹಸಿರು ನೆರಳು. ಬಾವಿಯ ಕಟ್ಟೆಯ ಸಂದಿಗಳಲ್ಲಿ, ಪಡಸಾಲೆಯ ಕಂಬಗಳಿಗೆ ಕಟ್ಟಿದ ಮಾವಿನ ಕೊರಡುಗಳ ಮೇಲೆ, ಬೆಳಕಿಂಡಿಯ ಕೆಳಗೆ ತೂಗುಬಿಟ್ಟ ತೆಂಗಿನ ಚಿಪ್ಪುಗಳಲ್ಲಿ, ಎಲ್ಲೆಲ್ಲೂ ಒಂದೇ ಜಾತಿಯ ಗಿಡ. ಹೂವಿಲ್ಲ, ಕೊಂಬೆಯಿಲ್ಲ. ನಾಲಿಗೆ ಚಾಚಿದಂತೆ ಉದ್ದನೆಯ ದಪ್ಪ ಎಲೆಗಳು ಮಾತ್ರ. ಕಪ್ಪು ಎರೆಮಣ್ಣಿನ ನಮ್ಮ ಸೀಮೆಯಲ್ಲಿ ಅಂಥ ಗಿಡವನ್ನು ನಾನು ಕಂಡಿರಲಿಲ್ಲ.

ಒಂದು ದಿನ ಕೇಳಿದೆ. ಅವರ ಮುಖವೇ ಬೇರೆಯಾಯಿತು. ಒಂದು ಚಿಪ್ಪನ್ನು ಕಳಚಿಕೊಂಡು ಬಾಗಿಲಿಗೆ ಬಂದರು.

"ನಾಲಿಗಿ ಜರಿ ಅಂತಾರ್ರಿ ಇದಕ್ಕ. ನನ್ನ ತವರು ಖಾನಾಪುರದ ಕಡೆ. ಅಲ್ಲೆ ಮಾವಿನ ಗಿಡದ ಮ್ಯಾಲೆ, ಬಾವಿ ಕಲ್ಲಿನ ಮ್ಯಾಲೆ ತಾನ ಹಬ್ಬತೈತಿ. ಲಗ್ನ ಆಗಿ ಬರೂವಾಗ ಒಂದು ಕೊರಡು ತಂದಿದ್ದೆ. ನಮ್ಮತ್ತಿ ನಕ್ಕಿದ್ಲು, ಮಂದಿ ಸೊಸ್ತೇರು ಬಂಗಾರ ತರತಾರ, ನಮ್ಮಾಕಿ ಕಟಗಿ ತಂದಾಳ ಅಂತ."

ಅಂದಿನಿಂದ ನೀರಿನ ಹೊತ್ತು ಉದ್ದವಾಯಿತು. ಹೊಸಿಲ ಆಚೆ ಅವರು, ಈಚೆ ನಾನು. ಎಲೆಯ ಹಿಂಬದಿ ತೋರಿಸುತ್ತಿದ್ದರು. ಅಲ್ಲಿ ಕಂದುಬಣ್ಣದ ಧೂಳಿನಂಥದ್ದು ಸಾಲುಗಟ್ಟಿರುತ್ತಿತ್ತು, ಅದೇ ಅದರ ಬೀಜವೆಂದು ತಿಳಿಯಬೇಕಂತೆ. ಹಬ್ಬುವ ಬೇರಿನಂಥ ದಂಟನ್ನು ಯಾವತ್ತೂ ಹೂಳಬಾರದು, ಮೇಲೆಯೇ ಇಟ್ಟು ದಾರದಿಂದ ಕಟ್ಟಬೇಕು. ಎರೆಮಣ್ಣು ತಾಗಿಸಬಾರದು. ನಾರು, ಇದ್ದಿಲು, ಇಟ್ಟಂಗಿಯ ಚೂರು ಸಾಕು. ನೆರಳು ಬೇಕು, ಆದರೆ ಕತ್ತಲೆ ಬೇಡ. ಎಲ್ಲಕ್ಕಿಂತ ಮುಖ್ಯ, ನಾರು ಮುಟ್ಟಿ ನೋಡಿ ಒಣಗಿದ್ದರೆ ಮಾತ್ರ ನೀರು. "ಪ್ರೀತಿ ಅಂತ ದಿನಾ ಸುರಿದ್ರ ಕೊಳೀತೈತಿ. ಹೋದ ಸಲ ನಾ ಊರಿಗೆ ಹೋದಾಗ ಆಚಿಮನಿ ನೆಗೆಣ್ಣಿ ತುಳಸಿಗೆ ಹಾಕಿದಂಗ ಹಾಕಿ ಅರ್ಧಾ ಗಿಡಾ ಕೊಂದ್ಲು. ಪಾಪ, ಆಕಿಗೇನ ಗೊತ್ತು."

ಮರುವರ್ಷ ಬೇಸಿಗೆಗೆ ಮೊದಲು ರಾಮದುರ್ಗದಿಂದ ಸುದ್ದಿ ಬಂತು. ಬಸುರಿಯಾಗಿದ್ದ ಮಗಳಿಗೆ ಕಾಲು ಬಾತು, ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಬಾಣಂತನಕ್ಕೆ ಅವ್ವಾರೇ ಅಲ್ಲಿಗೆ ಹೋಗಬೇಕಾಯಿತು. ಹೋದರೆ ಎರಡು ಮೂರು ತಿಂಗಳು. ಅವರು ಕೆಲವು ದಿನ ಒಳಗೆ ಹೊರಗೆ ಸುಳಿದಾಡಿದರು. ಕೊನೆಗೆ ಒಂದು ಬೆಳಗ್ಗೆ ನನ್ನ ಕೊಡಕ್ಕೆ ನೀರು ಸುರಿಯದೆ ನಿಂತರು.

"ನರ್ಸಬಾಯಾರ, ಗಿಡಾ ನೀವು ನೋಡ್ಕೋಬೇಕ್ರಿ. ಮನಿ ಕೀಲಿ ಕೊಟ್ಟು ಹೋಗತೇನಿ."

"ಮತ್ತ ನೀರು?" ಎಂದೆ. ಬೇಕೆಂದೇ ಕೇಳಿದೆ.

"ಬಾವಿ ಅಲ್ಲೇ ಐತೆಲ್ಲ. ಸೇದ್ಕೋರಿ."

"ಗಿಡಕ್ಕ ಅಷ್ಟೇನ್ರಿ, ನನಗೂನೊ?"

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು ಅನ್ನಿಸುತ್ತದೆ... ಈಗ ಖಚಿತವಾಗಿ ಹೇಳಲಾರೆ.

"ನಿಮಗೂ" ಎಂದರು. ನಡುಬಾಗಿಲಿನಿಂದ ಸರಿದು ನಿಂತರು. ನಾನು ನನ್ನ ಕೊಡ ಎತ್ತಿಕೊಂಡು ಒಳಗೆ ಹೋದೆ.

ಆ ವಾರ ಮನೋಳಿಗೆ ಹೋದಾಗ ನನ್ನ ಅವ್ವನ ಮುಂದೆ ಇದನ್ನು ಹೇಳಿದೆ. "ಗಿಡದ ಸಲುವಾಗಿ ಬಾಗಲಾ ತಗದಾರ, ನನ್ನ ಸಲುವಾಗಿ ಅಲ್ಲ" ಎಂದೆ. ನನ್ನ ದನಿಯಲ್ಲಿ ಕಹಿ ಇತ್ತು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಲಿಲ್ಲ. "ಬಾವಿಗೆ ಹೋದಿ ಇಲ್ಲೊ? ಹೋಗೂದು ಬಿಡಬ್ಯಾಡ" ಎಂದಳು, ಅಷ್ಟೆ.

ಅವ್ವಾರು ರಾಮದುರ್ಗಕ್ಕೆ ಹೋದರು. ನಾನು ದವಾಖಾನೆಯಿಂದ ಬಂದು ಒಳ ಅಂಗಳದಲ್ಲಿ ಕೂಡುತ್ತಿದ್ದೆ. ಒಂದೊಂದೇ ನಾರು ಮುಟ್ಟಿ ನೋಡುವುದು, ಬೇಕಾದ ಕಡೆ ಚಿಮುಕಿಸುವುದು. ಬಿಸಿಗಾಳಿ ಹೆಚ್ಚಾದಾಗ ಚಿಪ್ಪುಗಳ ಕೆಳಗೆ ಪರಾತದಲ್ಲಿ ನೀರು ತುಂಬಿಡಲು ಹೇಳಿದ್ದರು, ಇಡುತ್ತಿದ್ದೆ. ಊರೆಲ್ಲ ಕಾಯ್ದ ಹಂಚಿನಂತಾಗಿದ್ದಾಗ ಆ ಮೂಲೆಯೊಂದು ತಂಪಾಗಿರುತ್ತಿತ್ತು. ದಿನವೆಲ್ಲ ನೋವು, ರಕ್ತ, ಕೂಗು ನೋಡಿ ಬಂದ ನನಗೆ ಅಲ್ಲಿ ಕುಳಿತರೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಅದುವರೆಗೆ ಬೈಲಹೊಂಗಲದಲ್ಲಿ ನನಗೆ ಎರಡೂ ಸರಿಯಾಗಿ ಬಂದಿರಲಿಲ್ಲ.

ಒಂದು ಸಂಜೆ ಅವ್ವಾರ ಮೈದುನ ಬಂದರು. ನಡುಬಾಗಿಲಲ್ಲೇ ನಿಂತು, ಬಹಳ ಮರ್ಯಾದೆಯಿಂದಲೇ ಮಾತಾಡಿದರು.

"ನೀವು ಓದಿದವರು, ನಿಮಗ ಹೇಳೂದೇನೈತಿ. ಈ ಬಾವಿ ನೀರು ದೇವರ ಪೂಜಿಗೂ ಹೋಗತೈತಿ. ನೀವು ಹಗ್ಗಾ ಹಾಕೂದು ಚೊಲೊ ಕಾಣೂದಿಲ್ಲ."

"ಕೀಲಿ ಕೊಟ್ಟವರು ಅವ್ವಾರು. ಅವರು ಬ್ಯಾಡ ಅಂದ ದಿನಾ ಬಿಡತೇನ್ರಿ" ಎಂದೆ. ಮುಂದಿನ ಚಿಪ್ಪಿನ ನಾರು ಮುಟ್ಟಿ ನೋಡಿದೆ.

ಅವರು ಹೊರಟುಹೋದರು. ಮರುದಿನ ಬಂದು ನೋಡಿದರೆ ಬಾವಿಯ ಹಗ್ಗವೂ ಕೊಡವೂ ಇರಲಿಲ್ಲ. ಒಳಮನೆಯ ಇನ್ನೊಂದು ಕೀಲಿ ಅವರ ಬಳಿ ಇತ್ತೆಂದು ಆಗ ತಿಳಿಯಿತು.

ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಅತ್ತೆ ಕೂಡ. ಖೋಲಿ ಬಿಟ್ಟು ಹೋಗಿಬಿಡಬೇಕು ಎನ್ನಿಸಿತು. ಆದರೆ ಬಿಸಿಲ ಝಳಕ್ಕೆ ಎಲೆಗಳು ಆಗಲೇ ಅಂಚು ಸುರುಟಿಕೊಂಡಿದ್ದವು. ಅವ್ವ ಹೇಳಿದ್ದೂ ನೆನಪಿತ್ತು. ಎದ್ದು ಪೇಟೆಗೆ ಹೋಗಿ ಸೆಣಬಿನ ಹೊಸ ಹಗ್ಗ ತಂದೆ, ನನ್ನದೇ ತಾಮ್ರದ ಕೊಡಕ್ಕೆ ಕಟ್ಟಿದೆ, ಹಗಲು ಹೊತ್ತಿನಲ್ಲೇ, ಗಡಗಡಿ ಸಪ್ಪಳವಾಗುವ ಹಾಗೆ ಸೇದಿದೆ. ಗೋಡೆಯಾಚೆ ಕೇಳಿಸಿರಬೇಕು. ಯಾರೂ ಬರಲಿಲ್ಲ. ಆಮೇಲೆ ದಿನವೂ ಹಗ್ಗ ಬಿಚ್ಚಿಕೊಂಡು ಬಂದು ನನ್ನ ಖೋಲಿಯಲ್ಲಿಟ್ಟುಕೊಳ್ಳುತ್ತಿದ್ದೆ.

ಮಳೆ ಶುರುವಾದಾಗ ಅವ್ವಾರು ಬಂದರು. ಗಂಡು ಮೊಮ್ಮಗ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಗಂಟು ಕೆಳಗಿಟ್ಟವರೇ ಒಳ ಅಂಗಳಕ್ಕೆ ನಡೆದರು. ಒಂದೊಂದು ಕೊರಡನ್ನೂ ನಿಂತು ನೋಡಿದರು. ಬೆಳಕಿಂಡಿಯ ಕೆಳಗಿನ ಚಿಪ್ಪಿನಲ್ಲಿ ದಂಟು ಮುಂದಕ್ಕೆ ಹಬ್ಬಿ ಎಳೆಯ ನಾಲಿಗೆಗಳು ಎದ್ದಿದ್ದವು, ಮೈತುಂಬ ಬಿಳಿ ತುಪ್ಪಳ ಹೊದ್ದು. ಅವರು ನಕ್ಕರು. ಆಮೇಲೆ, ನೀರು ಸೇದಲು ನಾನು ಆಗಷ್ಟೇ ಹಗ್ಗ ಹಾಕಿದ್ದ ಬಾವಿಯತ್ತ ತಿರುಗಿದರು.

"ಇದು ನಮ್ಮ ಹಗ್ಗ ಅಲ್ಲಲ್ಲ" ಎಂದರು.

"ಅಲ್ರಿ. ನಂದು."

ಅವ್ವಾರು ಕಾಲು ಕೂಡ ತೊಳೆಯದೆ ಗೋಡೆಯಾಚೆಯ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ದನಿ ಎತ್ತಿದ್ದು ಕೇಳಿಸಲಿಲ್ಲ. ಬರಿಗೈಲಿ ಬಂದರು. ಬಂದು, ನನ್ನ ಹಗ್ಗದಿಂದ, ನನ್ನ ಕೊಡದಿಂದ ನೀರು ಸೇದಿದರು. ಬೊಗಸೆ ಹಿಡಿದು ಕುಡಿದರು.

"ಹಳೇದು ಅವರ ಕಡೇನ ಇರಲಿ. ಇದು ಗಟ್ಟಿ ಐತಿ. ಇನ್ ಮ್ಯಾಲೆ ಬಿಚ್ಚಿ ಒಯ್ಯಬ್ಯಾಡ್ರಿ, ಇಲ್ಲೇ ಇರಲಿ" ಎಂದರು.

ಆ ಮೈದುನ ಆಮೇಲೆ ನಾನಿದ್ದಾಗ ಒಳಗೆ ಬರಲಿಲ್ಲ. ದವಾಖಾನೆಗೆ ಮಾತ್ರ ಬರುತ್ತಿದ್ದರು, ನನ್ನ ಕೈಯಲ್ಲೇ ಸೂಜಿ ಹಾಕಿಸಿಕೊಂಡು ಹೋಗುತ್ತಿದ್ದರು. ಅದರ ಬಗ್ಗೆ ಅವ್ವಾರಿಗೆ ಹೇಳಿದಾಗ ಅವರು ಸೆರಗು ಬಾಯಿಗೆ ಹಿಡಿದು ನಕ್ಕದ್ದು ನೆನಪಿದೆ.

ಅದೇ ಶ್ರಾವಣದಲ್ಲಿ ನನ್ನ ಅವ್ವ ಬಂದಳು. ರೂಢಿಯಂತೆ ಹೊರಗಿನ ಕಟ್ಟೆಯ ತುದಿಗೆ, ಕಾಲು ಮುದುಡಿಕೊಂಡು ಕುಳಿತಳು. ಅವ್ವಾರು ಹೊರಗೆ ಬಂದು ಕೈ ಚಾಚಿದರು.

"ಒಳಗ ಬರ್ರಿ ಬೀಗತಿ. ನಿಮ್ಮ ಮಗಳು ಉಳಿಸಿದ್ದನ್ನ ನೋಡ್ರೆಲ್ಲ."

ಸಂಬಂಧವೇ ಇಲ್ಲದವಳನ್ನು ಬೀಗತಿ ಎಂದು ಕರೆದದ್ದಕ್ಕೆ ಅವ್ವ ತಬ್ಬಿಬ್ಬಾದಳು. ಚಪ್ಪಲಿ ಬಿಟ್ಟಳು, ಮತ್ತೆ ಕೂತಳು, ಮತ್ತೆ ಎದ್ದಳು. ಕೊನೆಗೆ ನಡುಬಾಗಿಲಲ್ಲಿ ನನ್ನ ಮುಖ ನೋಡಿ ಒಳಗೆ ಕಾಲಿಟ್ಟಳು. ಒಂದೊಂದೇ ಗಿಡ ನೋಡಿ ಕೇಳಿದಳು.

"ಇದನ್ನ ತಿಂತಾರೇನ್ರಿ?"

"ಇಲ್ರಿ."

"ಹೂವು ಬಿಡತೈತೇನು?"

"ಅದೂ ಇಲ್ಲ. ಸುಮ್ಮನ ಇರತೈತಿ."

"ಇರಲಿ ಬಿಡ್ರಿ, ಚಂದ ಐತಿ" ಎಂದಳು ಅವ್ವ. ಇಬ್ಬರೂ ಪಡಸಾಲೆಯಲ್ಲಿ ಕುಳಿತು ಚುರುಮುರಿ ತಿಂದರು. ಮಾತು ಸಾಗಿದ್ದು ಮಂಡಿನೋವಿನ ಬಗ್ಗೆ.

ದಶಕ ಮುಗಿಯುವ ಹೊತ್ತಿಗೆ ನನಗೆ ಕಿತ್ತೂರಿಗೆ ವರ್ಗವಾಯಿತು. ಹೊರಡುವಾಗ ಅವ್ವಾರು ದಂಟಿನ ಒಂದು ತುಂಡನ್ನು, ಎಲೆ ಬೇರು ಎರಡೂ ಇರುವಂತೆ ಕೊಯ್ದು, ಕೊರಡಿಗೆ ಕಟ್ಟಿಕೊಟ್ಟರು. ಕಿತ್ತೂರಿನ ನನ್ನ ಮನೆಗೆ ಅಂಗಳವೇ ಇರಲಿಲ್ಲ. ಗಿಡವನ್ನು ಒಳಗೆ, ಒಲೆಯ ಹತ್ತಿರದ ಗೋಡೆಗೆ ತೂಗುಹಾಕಿದ್ದೆ. ಒಮ್ಮೆ ಬಸ್ಸು ಹತ್ತಿ ನೋಡಲು ಬಂದ ಅವ್ವಾರು ನನ್ನನ್ನು ಮಾತಾಡಿಸುವ ಮೊದಲು ಅದನ್ನು ಇಳಿಸಿದರು. "ಹೊಗಿ ಹತ್ತಿದ್ರ ಉಸರ ಕಟ್ಟತೈತಿ ಅದಕ್ಕ" ಎನ್ನುತ್ತ ಬಡಗಣ ಕಿಟಕಿಯ ಪಕ್ಕ, ನೀರಿನ ಹರವಿಯ ಮೇಲೆ ಮೊಳೆ ಹೊಡೆಸಿದರು. ಆಮೇಲೆ ಕುಳಿತು, "ಈಗ ಹೇಳು, ಹೆಂಗದಿ" ಎಂದರು.

ಅಲ್ಲಿ ಅದು ಬಹಳ ವರ್ಷ ಬಾಳಿತು. ಅವರೂ ಬಾಳಿದರು. ಕೊನೆಯ ದಿನಗಳನ್ನು ಮಗಳ ಮನೆಯಲ್ಲಿ, ರಾಮದುರ್ಗದಲ್ಲಿ ಕಳೆದರು. ನಾನು ಹೋದಾಗ ಗುರುತು ಹಿಡಿದರು, ಕೈ ಹಿಡಿದುಕೊಂಡರು, ಮಾತು ಬರಲಿಲ್ಲ. ನೋವಿಲ್ಲದೆ ಹೋದರು ಎಂದು ಮಗಳು ಆಮೇಲೆ ತಿಳಿಸಿದಳು. ಬೈಲಹೊಂಗಲದ ಮನೆ ಈಗಿಲ್ಲ. ಆ ಜಾಗದಲ್ಲಿ ಅಂಗಡಿಗಳಿವೆ, ಬಾವಿ ಎಲ್ಲಿತ್ತೆಂದು ನನಗೂ ಗುರುತು ಸಿಗಲಿಲ್ಲ...

ನಿನ್ನೆ ಅವ್ವಾರ ಮಗಳ ಫೋನ್ ಬಂದಿತ್ತು. ಆ ಬೇಸಿಗೆಯಲ್ಲಿ ಹುಟ್ಟಿದವನ ಮಗಳಿಗೆ ಮದುವೆ ಗೊತ್ತಾಗಿದೆಯಂತೆ. "ಎಲ್ಲಾರಕಿಂತ ಮೊದಲ ನಿಮಗ ಹೇಳಾಕ ಹತ್ತೇನ್ರಿ ಅಕ್ಕಾರ. ಒಂದು ದಿನಾ ಮುಂಚೇನ ಬರ್ರಿ, ನಮ್ಮ ಮನ್ಯಾಗ ಇರಬೇಕು" ಎಂದಳು. ಬರತೇನಿ ಎಂದೆ. ಯಾವ ಸೀರೆ, ಎಷ್ಟು ಮಂದಿ, ಅಡುಗೆ ಯಾರದು ಎಂದೆಲ್ಲ ಕೇಳಿದೆ. ಎಲ್ಲ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡಲಿಲ್ಲ.  ಆಮೇಲೆ ಅವಳೇ ಮೆಲ್ಲಗೆ, "ಅವ್ವ ಇರಬೇಕಾಗಿತ್ತ್ರಿ" ಎಂದಳು.

"ಹೌದವಾ" ಎಂದೆ.