ಹಿಂದಿನ ಗೇಟಿನ ಅಳತೆ

ಇಪ್ಪತ್ತೆರಡು ವರ್ಷದಿಂದ ಶಾಲೆಯ ಯೂನಿಫಾರ್ಮು ಹೊಲಿಯುವ ಟೈಲರಮ್ಮನಿಗೆ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಶಾಲೆಯ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಹೋದ ವರ್ಷ ಪಕ್ಕದ ಮಳಿಗೆಗೇ ಮದ್ಯದಂಗಡಿ ಬಂತು. ಎರಡೂ ಮಳಿಗೆ ಒಬ್ಬನದೇ. ಬಾಡಿಗೆ ಎಂದರೆ ಬಾಯಲ್ಲಿ ನೀರೂರುವ ಮಹಾಶಯ.

ಅದೇ ವರ್ಷ ದೊಡ್ಡ ತರಗತಿಯ ಹುಡುಗರು ಪ್ಯಾಂಟಿಗೆ ಉದ್ದನೆಯ ಒಳಜೇಬು ಕೇಳತೊಡಗಿದರು. ಮೊಬೈಲಿಗಿರಬೇಕೆಂದು ಟೈಲರಮ್ಮ ಒಂಬತ್ತು ಪ್ಯಾಂಟಿಗೆ ಡಬಲ್ ಹೊಲಿಗೆ ಹಾಕಿ ಕೊಟ್ಟಳು. ಒಂದು ದಿನ ಸ್ವಂತ ಅಣ್ಣನ ಮಗನ ಪ್ಯಾಂಟು ರಿಪೇರಿಗೆ ಬಂತು. ಒಳಜೇಬಿಗೆ ಕೈ ಹಾಕಿದರೆ ಬಾಟಲಿಯ ಮುಚ್ಚಳ, ಘಪ್ಪೆನ್ನುವ ಮದ್ಯದ ವಾಸನೆ. ಹುಡುಗನಿಗೆ ಹದಿನೈದು. ಅವಳ ಮೈಯೆಲ್ಲ ಉರಿದುಹೋಯಿತು; ಅವನ ಮೇಲಷ್ಟೇ ಅಲ್ಲ, ತನ್ನ ಮೇಲೂ.

ಶಾಲೆಯ ಗೇಟಿನಿಂದ ನೂರು ಮೀಟರಿನೊಳಗೆ ಮದ್ಯ ಮಾರಬಾರದೆಂದು ನಿಯಮ. ಲೈಸೆನ್ಸು ಕೊಡುವಾಗ ಅಳೆದ ಅಬಕಾರಿ ಇಲಾಖೆಯ ಪುಣ್ಯಾತ್ಮರು ಮುಂದಿನ ದೊಡ್ಡ ಗೇಟಿನಿಂದ ರಸ್ತೆ ಸುತ್ತಿ ಬಂದು ನೂರಹನ್ನೆರಡು ಎಂದು ಬರೆದುಕೊಂಡಿದ್ದರು. ಆ ಗೇಟು ತೆರೆಯುವುದು ದೊಡ್ಡವರ ಕಾರು ಬಂದಾಗ ಮಾತ್ರ. ಮಕ್ಕಳೆಲ್ಲ ಓಡಾಡುವುದು ಹಿಂದಿನ ಗೇಟಿನಲ್ಲಿ. ಟೈಲರಮ್ಮ ಹಾಡುಹಗಲೇ ಓಣಿಯಲ್ಲಿ ಮಂಡಿಯೂರಿ, ಒಂದೂವರೆ ಮೀಟರಿನ ತನ್ನ ಟೇಪಿನಿಂದ ಅಳೆದಳು. ರಸ್ತೆಗೂ ಪ್ಯಾಂಟು ಹೊಲೀತೀಯಾ ಎಂದು ನೋಡಿದವರು ನಕ್ಕರು. ನಗಲಿ. ಮೂವತ್ತೊಂಬತ್ತು ಮೀಟರು ಬಂತು.

ಮದ್ಯದಂಗಡಿಯ ಲೈಸೆನ್ಸು ನವೀಕರಣದ ಹೊತ್ತಿಗೆ ಅವಳು ಅಬಕಾರಿ ಕಚೇರಿಗೆ ತಕರಾರು ಅರ್ಜಿ ಹಾಕಿದಳು. ಅರ್ಜಿ ವಾಪಸು ತೆಗೆದುಕೊಳ್ಳದಿದ್ದರೆ ಮಳಿಗೆ ಖಾಲಿ ಮಾಡಬೇಕೆಂದು ಮಾಲೀಕ ಕಡ್ಡಿ ಮುರಿದಂತೆ ಹೇಳಿದ. ಅವಳ ಅನ್ನಕ್ಕೆ ಇದ್ದದ್ದು ಅದೊಂದೇ ಜಾಗ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಟೇಪನ್ನು ಕೊರಳಿಗೆ ಹಾಕಿಕೊಂಡೇ ವಿಚಾರಣೆಗೆ ಹೋದಳು.

ಅಲ್ಲಿ ಅಧಿಕಾರಿಯ ಮುಂದೆ ಗೇಟಿನ ಅಳತೆ, ಒಳಜೇಬಿನ ಕಥೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಲ್ಲೇ ಕೂತಿದ್ದ ಮಾಲೀಕನಿಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು.

"ಆ ಜೇಬು ಹೊಲಿದವರು ಯಾರು ಅಂತ ಕೇಳಿ ಸ್ವಾಮಿ," ಎಂದ.

ಟೈಲರಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. "ನಾನೇ ಹೊಲಿದಿದ್ದು," ಎಂದಳು ಅಧಿಕಾರಿಗೆ. "ಒಂಬತ್ತೂ ಬಿಚ್ಚಿದೀನಿ. ಒಂಬತ್ತು ಮನೆಗೂ ಹೋಗಿ ಹೇಳಿದೀನಿ, ನಮ್ಮಣ್ಣನ ಮನೆಗೇ ಮೊದಲು. ನನ್ನ ತಪ್ಪು ನಾನು ಸರಿ ಮಾಡ್ಕೊಂಡೆ. ನಿಮ್ಮೋರು ತಪ್ಪು ಅಳೆದಿದ್ದನ್ನ ನೀವು ಯಾವಾಗ ಸರಿ ಮಾಡ್ತೀರಿ?"

ಅಧಿಕಾರಿ ಮತ್ತೆ ಅಳೆಸಿದ, ಈ ಸಲ ಹಿಂದಿನ ಗೇಟಿನಿಂದ. ಮದ್ಯದಂಗಡಿ ಗಂಟುಮೂಟೆ ಕಟ್ಟಿತು. ಮಾಲೀಕನೂ ಮಾತು ಉಳಿಸಿಕೊಂಡ. ತಿಂಗಳೊಳಗೆ ಟೈಲರಮ್ಮನ ಮಳಿಗೆಗೆ ಬೀಗ ಬಿತ್ತು. ಅವಳು ಮಿಷನ್ನನ್ನು ಮನೆಗೆ ತಂದು ಅಡುಗೆಮನೆಯ ಕಿಟಕಿ ಕೆಳಗೆ ಹಾಕಿಕೊಂಡಳು. ಅರ್ಧದಷ್ಟು ಗಿರಾಕಿಗಳು ಕೈಬಿಟ್ಟರು. ಸಂಕಟವಾಯಿತು, ಸುಳ್ಳೇಕೆ.

ಮೊನ್ನೆ ಮಾಲೀಕ ಬಾಗಿಲಿಗೆ ಬಂದ. ಎರಡೂ ಮಳಿಗೆ ಖಾಲಿ ಬಿದ್ದಿವೆಯಂತೆ. ಆಗಿದ್ದು ಆಗಿಹೋಯಿತು, ಹಳೇ ಬಾಡಿಗೆಗೇ ಬಾ ಎಂದ.

ಟೈಲರಮ್ಮ ಕತ್ತರಿ ಕೆಳಗಿಡಲಿಲ್ಲ. "ಪಕ್ಕದ ಮಳಿಗೆ ಯಾರಿಗೆ ಕೊಡ್ತೀರಿ ಅಂತ ಮೊದಲು ಬರೆದುಕೊಡಿ," ಎಂದಳು. "ಆಮೇಲೆ ನಾನು ಬರ್ತೀನೋ ಇಲ್ವೋ ಹೇಳ್ತೀನಿ."