ಗುಂಪಿನ ಕೊನೆಯಲ್ಲಿ ಬರುತ್ತಿದ್ದವರು

ಆ ಶನಿವಾರ ಮಧ್ಯಾಹ್ನ ಅವರ ಮೂಗಿನ ಮೇಲೆ ಸೈಕಲ್ ಚೈನಿನ ಕಪ್ಪು ಅಂಟಿತ್ತು. ಕನ್ನಡಕ ಜಾರಿದಾಗಲೆಲ್ಲ ಗ್ರೀಸು ಮೆತ್ತಿದ ಬೆರಳಿನಿಂದಲೇ ಅದನ್ನು ಮೇಲಕ್ಕೆ ತಳ್ಳುವುದು ಅವರ ಅಭ್ಯಾಸ. ಗಾಜಿನ ಮೇಲೂ ಬೆರಳಿನ ಗುರುತುಗಳು. ವಾರವಿಡೀ ಗಾಂಧಿ ಬಜಾರಿನ ಪಕ್ಕದ ರಸ್ತೆಯ ತಮ್ಮ ಕನ್ನಡಕದ ಅಂಗಡಿಯಲ್ಲಿ ಕೂತು ಬೇರೆಯವರ ಗಾಜುಗಳನ್ನು ಹಳದಿ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದವರು ತಮ್ಮದನ್ನು ಒರೆಸಿಕೊಂಡಿದ್ದನ್ನು ನಾನು ನೋಡಿಲ್ಲ.

"ಊರೋರಿಗೆಲ್ಲ ಲೋಕ ತೋರಿಸ್ತೀರ, ನಿಮಗೆ ಮಾತ್ರ ಎಲ್ಲಾ ಮಸಿ" ಎಂದು ಅವರ ಹೆಂಡತಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟರು.

"ಮಸೀಲೂ ನೀನು ಚೆನ್ನಾಗೇ ಕಾಣ್ತೀಯ ಕಣೇ."

"ಸಾಕು ಸುಮ್ನಿರಿ, ಮೇಡಂ ಇದಾರೆ."

ಅಂಗಡಿಯ ಹಿಂದೆಯೇ ಅವರ ಮನೆ. ಹಿತ್ತಿಲಿನ ಕಲ್ಲುಚಪ್ಪಡಿಯ ಮೇಲೆ ಹಳೆಯ ಪೇಪರು ಹಾಸಿ ಎರಡು ಸೈಕಲ್‌ಗಳನ್ನು ತಲೆಕೆಳಗಾಗಿ ನಿಲ್ಲಿಸಿದ್ದರು. ಒಂದು ನನ್ನದು, ಇನ್ನೊಂದು ಅವರದು. ಮಾರನೆಯ ದಿನ ಭಾನುವಾರ ನಮ್ಮ ಸೈಕಲ್ ಕ್ಲಬ್ಬಿನವರು ನಂದಿ ಬೆಟ್ಟಕ್ಕೆ ಹೋಗುವುದಿತ್ತು. ಒಮ್ಮೆಯಾದರೂ ಆ ಬೆಟ್ಟವನ್ನು ನಡುವೆ ಎಲ್ಲೂ ಕಾಲೂರದೆ ಹತ್ತಬೇಕೆಂದು ನನಗೆ ಆಸೆಯಿತ್ತು. ನನಗಿಂತ ಹೆಚ್ಚಾಗಿ ಅವರಿಗಿತ್ತು.

ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಗಾರ್ಡ್ ಸಾರ್ ಎನ್ನುತ್ತಿದ್ದರು. ರೈಲಿನ ಕೊನೆಯ ಬೋಗಿಯಲ್ಲಿ ನಿಂತು ಹಸಿರು ಬಾವುಟ ತೋರಿಸುತ್ತಾರಲ್ಲ, ಹಾಗೆ. ಭಾನುವಾರ ಬೆಳಕು ಹರಿಯುವ ಮುಂಚೆ ನಾವು ಇಪ್ಪತ್ತು ಜನ ಗಾಂಧಿ ಬಜಾರಿನ ಹೂವಿನವರ ಪಕ್ಕ ಸೇರುತ್ತಿದ್ದೆವು. ಎಲ್ಲರೂ ಹೊರಟ ಮೇಲೆ ಕೊನೆಗೆ ಅವರು ಹೊರಡುತ್ತಿದ್ದರು. ಮುಂದಿನವರು ಎಷ್ಟೇ ನಿಧಾನವಾಗಿ ಹೋದರೂ ಅವರನ್ನು ದಾಟಿ ಇವರು ಮುಂದೆ ಹೋಗುತ್ತಿರಲಿಲ್ಲ. ಯಾರದಾದರೂ ಟ್ಯೂಬ್ ಹೋದರೆ ಅವರೊಂದಿಗೆ ನಿಲ್ಲುತ್ತಿದ್ದರು. ಹಾಗಾಗಿ ನಮ್ಮಲ್ಲಿ ತಲೆ ಎಣಿಸುವ ಪದ್ಧತಿಯೇ ಇರಲಿಲ್ಲ. ಗಾರ್ಡ್ ಬಂದರೆ ಎಲ್ಲರೂ ಬಂದ ಹಾಗೆ.

ನಾನು ಸೇರಿದ್ದು ಸಕ್ಕರೆ ಕಾಯಿಲೆಯ ಕಾರಣಕ್ಕೆ. ಚಾಮರಾಜಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ದಿನವಿಡೀ ಕೂತು ಮಾಡುವ ಕೆಲಸ ನನ್ನದು. ನಡೆಯಿರಿ ಎಂದು ಡಾಕ್ಟರು ಹೇಳಿದರು, ಹಿಮ್ಮಡಿ ಕೇಳಲಿಲ್ಲ. ಅಣ್ಣನ ಮಗ ರೇಸಿಗೆಂದು ಕೊಂಡು, ಬೇಸರ ಬಂದು ನನ್ನ ಮನೆಯಲ್ಲಿ ಬಿಟ್ಟುಹೋಗಿದ್ದ ಸೈಕಲ್ ಮೂಲೆಯಲ್ಲಿತ್ತು. ಅದನ್ನೇ ಮಾವಳ್ಳಿಯಿಂದ ತಳ್ಳಿಕೊಂಡು ಬಂದು ಒಂದು ಭಾನುವಾರ ಹೂವಿನವರ ಪಕ್ಕ ನಿಂತೆ. ಕನಕಪುರ ರಸ್ತೆಯ ಮೊದಲ ಏರಿಗೇ ಎಲ್ಲರೂ ಕಣ್ಮರೆಯಾದರು. ಅವಮಾನದಿಂದ ವಾಪಸು ತಿರುಗೋಣ ಎನಿಸುವಾಗ ಬೆನ್ನ ಹಿಂದಿನಿಂದ ಧ್ವನಿ ಬಂತು.

"ಇದೀನಿ ಮೇಡಂ."

ಅಷ್ಟೇ. ಬೇಗ ತುಳಿಯಿರಿ ಎನ್ನಲಿಲ್ಲ, ಶಹಬ್ಬಾಸ್ ಎನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮತ್ತೆ "ಇದೀನಿ." ನಾನು ತಿರುಗಿ ನೋಡಹೋದಾಗ ಸೈಕಲ್ ಒಂದು ಕಡೆ ಎಳೆಯಿತು. "ಹಿಂದೆ ನೋಡ್ಬೇಡಿ, ಬೀಳ್ತೀರ. ಹಿಂದಿನದು ನನ್ನ ಡಿಪಾರ್ಟ್‌ಮೆಂಟು" ಎಂದರು. ಆಮೇಲೆ ನಾನು ಎಂದೂ ತಿರುಗಿ ನೋಡಲಿಲ್ಲ. ನನ್ನ ಹಾಗೆಯೇ ಕ್ಲಬ್ಬಿನ ಪ್ರತಿಯೊಬ್ಬರಿಗೂ ಅವರು ಇದನ್ನೇ ಹೇಳಿ ಅಭ್ಯಾಸ ಮಾಡಿಸಿದ್ದರೆಂದು ನಂತರ ತಿಳಿಯಿತು.

ಮನೆಯಲ್ಲಿ ನಾನೊಬ್ಬಳೇ. ವಾರದಲ್ಲಿ ಒಂದು ಬೆಳಿಗ್ಗೆಯಾದರೂ ನನ್ನ ಉಸಿರಾಟವನ್ನು ಯಾರೋ ಕೇಳಿಸಿಕೊಂಡು ಹಿಂದೆ ಬರುತ್ತಿದ್ದಾರೆ ಎನ್ನುವುದು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಅವರಿಗೆ ಹೇಳಿರಲಿಲ್ಲ. ಇಂಥದ್ದನ್ನು ಹೇಗೆ ಹೇಳುವುದು?

ಸೈಕಲ್‌ನ ಹಿಂಚಕ್ರದ ನಡುವೆ ಹಲ್ಲಿರುವ ತಟ್ಟೆಗಳ ಗೊಂಚಲು ಇರುತ್ತದೆ. ಕ್ಯಾಸೆಟ್ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತಟ್ಟೆ ಎಷ್ಟು ದೊಡ್ಡದೋ, ಏರು ಹತ್ತುವುದು ಅಷ್ಟು ಹಗುರ. ರೇಸಿನ ಹುಡುಗರು ಚಿಕ್ಕದನ್ನು ಹಾಕಿಸುತ್ತಾರೆ. ನನ್ನದೂ ಅಂಥದೇ ಆಗಿತ್ತು. ಮಂಡಿ ನೋಯುತ್ತದೆ ಎಂದು ಹೇಳಿದಾಗ ಅವರು ಒಂದು ಬೆಳಿಗ್ಗೆ ಇಬ್ಬರು ಸದಸ್ಯರಿಂದ ಹಿಂಚಕ್ರಗಳನ್ನು ಕೇಳಿ ತಂದು, ದೊಡ್ಡ ಬಸವನ ದೇವಸ್ಥಾನದ ಏರಿನ ಕೆಳಗೆ ನನ್ನನ್ನು ನಿಲ್ಲಿಸಿದರು. ಒಂದು ಚಕ್ರ ಹಾಕಿ ಏರು ಹತ್ತಿಸಿದರು. ಇಳಿದು ಬಂದಾಗ ಅದನ್ನು ತೆಗೆದು ಇನ್ನೊಂದನ್ನು ಹಾಕಿ ಮತ್ತೆ ಹತ್ತಿಸಿದರು.

"ಮೊದಲಿನದಾ, ಇದಾ?"

ಅಂಗಡಿಯಲ್ಲಿ ಕಣ್ಣಿನ ಮುಂದೆ ಗಾಜು ಬದಲಿಸಿ ಕೇಳುವ ಹಾಗೆಯೇ ಕೇಳುತ್ತಿದ್ದರು. ಎರಡನೆಯದು ತೀರ ಹಗುರವಾಗಿತ್ತು. ಅದು ಮುದುಕರ ಗೇರ್ ಎಂದು ಹುಡುಗರು ಆಡಿಕೊಳ್ಳುವುದನ್ನು ಕೇಳಿದ್ದೆ.

"ಮೊದಲಿನದೇ ಚೆನ್ನಾಗಿತ್ತು ಸಾರ್" ಎಂದೆ.

ಅವರು ಮೂಗಿನ ಮೇಲಿನ ಕನ್ನಡಕ ತಳ್ಳಿಕೊಂಡು ನಕ್ಕರು. "ಬೋರ್ಡ್ ಮೇಲಿನ ಅಕ್ಷರ ಕಾಣಲ್ಲ ಅನ್ನಕ್ಕೆ ನಾಚ್ಕೊಂಡು ಅಂದಾಜಲ್ಲಿ ಓದೋರನ್ನ ನಾನು ದಿನಾ ನೋಡ್ತೀನಿ ಮೇಡಂ. ಗೇರ್ ಆರಿಸೋದು ಮರ್ಯಾದೆಗಲ್ಲ, ಮಂಡಿಗೆ. ಈಗ ಹೇಳಿ. ಮೊದಲಿನದಾ, ಇದಾ?"

"ಇದು."

"ಹಾಂ. ಈಗ ಕಣ್ಣು ಕಾಣ್ತು."

ನಾನು ಮೂವತ್ತನಾಲ್ಕು ಹಲ್ಲಿನ ಕ್ಯಾಸೆಟ್ ಹಾಕಿಸುತ್ತೇನೆಂದು ಕ್ಲಬ್ಬಿನಲ್ಲಿ ಸುದ್ದಿಯಾಯಿತು. ಸದಾ ಮುಂದೆ ಹಾರಿಹೋಗುವ ಚಿಕ್ಕಪೇಟೆಯ ಬಟ್ಟೆ ಅಂಗಡಿಯವನೊಬ್ಬನಿದ್ದಾನೆ. ತಿಂಡಿಗೆ ಕೂತಾಗ ಅವನು ಬಿಡಲಿಲ್ಲ. "ಏನ್ ಮೇಡಂ, ಹಿಂದಗಡೆ ದೋಸೆ ಹೆಂಚು ಹಾಕಿಸ್ತೀರಂತೆ?"

ನನ್ನ ಪರವಾಗಿ ಗಾರ್ಡ್ ಸಾರ್ ಉತ್ತರ ಕೊಟ್ಟರು. "ನಿನ್ನ ಮಂಡಿಗೆ ಐವತ್ತಾಗ್ಲಿ ಮರಿ, ನೀನೇ ಬಂದು ನಂಗೂ ಒಂದು ಸೆಟ್ ಕೊಡಿ ಅಂತೀಯ." ಅವನೂ ಸೇರಿ ಎಲ್ಲರೂ ನಕ್ಕರು.

ಆದರೆ ಆ ಶನಿವಾರದವರೆಗೂ ಕ್ಯಾಸೆಟ್ ಬಂದಿರಲಿಲ್ಲ. ಸೈಕಲ್ ಅಂಗಡಿಯವರು ಮುಂದಿನ ವಾರ ಎನ್ನುತ್ತಲೇ ಇದ್ದರು. ನಾನು ಈ ಸಲ ಬೆಟ್ಟಕ್ಕೆ ಬರುವುದಿಲ್ಲ ಎಂದು ಹೇಳಿಹೋಗಲು ಅವರ ಮನೆಗೆ ಬಂದಿದ್ದೆ. ನಾನು ಮಾತು ಮುಗಿಸುವುದರೊಳಗೆ ಅವರು ತಮ್ಮ ಸೈಕಲ್‌ನ ಹಿಂಚಕ್ರ ಬಿಚ್ಚಿದ್ದರು.

"ನಂದು ಮೂವತ್ತನಾಲ್ಕೇ. ಇದು ನಿಮಗೆ, ನಿಮ್ಮದು ನನಗೆ. ಒಂದು ಭಾನುವಾರ ತಾನೇ, ಆಮೇಲೆ ಬದಲಾಯಿಸ್ಕೊಳ್ಳೋಣ."

"ಬೇಡ ಸಾರ್. ನಿಮಗೆ ಕಷ್ಟ ಆಗುತ್ತೆ."

"ನಾನು ಹೆಂಗೂ ಕೊನೇಲಿ ಬರೋನು. ನನಗೇನು ಅವಸರ?"

ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಬೇರೆಯವರ ಕಣ್ಣಿಗೆಲ್ಲ ಟೆಸ್ಟ್ ಮಾಡ್ತೀರ, ನೀವು ಮಾತ್ರ ಯಾವ ನಂಬರ್ ಸಿಕ್ಕಿದ್ರೆ ಅದು" ಎಂದರು.  ಗಾರ್ಡ್ ಸಾರ್ ಆಗಲೇ, ದೊಡ್ಡ ತಟ್ಟೆಗೆ ಸಾಲಲೆಂದು, ನನ್ನ ಚೈನಿಗೆ ಎರಡು ಕೊಂಡಿ ಸೇರಿಸುವುದರಲ್ಲಿ ಮುಳುಗಿದ್ದರು. ಚಕ್ರ ತಿರುಗಿಸಿ, ಕಿವಿ ಹತ್ತಿರ ಇಟ್ಟು ಸದ್ದು ಕೇಳಿ, ಸರಿ ಎನ್ನುವಂತೆ ತಲೆಯಾಡಿಸಿದರು. ಕೈ ತೊಳೆಯಲು ಎಣ್ಣೆಗೆ ಸಕ್ಕರೆ ಬೆರೆಸಿ ಉಜ್ಜಿಕೊಂಡರು. ಉಪ್ಪಿಟ್ಟು ತಣ್ಣಗಾಗಿತ್ತು.

ಮರುದಿನ ಎಂದಿನಂತೆ ಸೈಕಲ್‌ಗಳನ್ನು ಟೆಂಪೋದಲ್ಲಿ ಬೆಟ್ಟದ ಬುಡದವರೆಗೆ ಒಯ್ದೆವು. ಹತ್ತಲು ಶುರುಮಾಡಿದಾಗ ನಾನು ಕೊನೆಯಲ್ಲಿದ್ದೆ, ನನ್ನ ಹಿಂದೆ ಅವರು. ಮೊದಲ ತಿರುವಿನಲ್ಲಿ "ಇದೀನಿ" ಕೇಳಿಸಿತು. ಎರಡನೆಯದರಲ್ಲೂ ಕೇಳಿಸಿತು. ಆಮೇಲೆ ಕಾಲುಗಳು ತಾವಾಗಿ ತಿರುಗತೊಡಗಿದವು. ಬೆಟ್ಟ ಇದ್ದಷ್ಟೇ ಇತ್ತು, ಆದರೆ ಮೊದಲ ಸಲ ಅದು ನನ್ನ ಅಳತೆಯದಾಗಿತ್ತು. ನನ್ನ ಮುಂದಿದ್ದ ಇಬ್ಬರನ್ನು ದಾಟಿದೆ. ಯಾರನ್ನೂ ದಾಟಿ ಗೊತ್ತಿಲ್ಲದವಳಿಗೆ ಅದು ಎಂಥ ಸಂತೋಷ ಎಂದು ಹೇಳಲಾರೆ. ಹಿಂದಿನ ಧ್ವನಿ ನಿಂತದ್ದು ಗಮನಕ್ಕೆ ಬಂತು. ನಾನು ದಾಟಿದ ಆ ಇಬ್ಬರ ಜೊತೆ ಬರುತ್ತಿದ್ದಾರೆ ಎಂದುಕೊಂಡೆ. ಆ ಇಬ್ಬರು, ಅವರು ತಮ್ಮ ಹಿಂದೆ ಇನ್ನೂ ಯಾರ ಜೊತೆಗೋ ನಿಂತಿರಬೇಕು ಎಂದುಕೊಂಡಿದ್ದರು.

ಮೇಲೆ ಗೇಟಿನ ಹತ್ತಿರ ಬಟ್ಟೆ ಅಂಗಡಿಯವನು ಕೂಗಿದ. "ಕಾಲು ಊರಲಿಲ್ಲ! ಮೇಡಂ ಕಾಲು ಊರಲಿಲ್ಲ! ದೋಸೆ ಹೆಂಚು ಕೆಲಸ ಮಾಡ್ತು ಗುರು!" ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಸೌತೆಕಾಯಿ ಕೈಗಿಟ್ಟರು. ನಾನು ತಿನ್ನದೆ ಹಿಡಿದುಕೊಂಡು ಕೆಳಗಿನ ರಸ್ತೆ ನೋಡುತ್ತ ನಿಂತೆ. ಅವರು ಬಂದ ಮೇಲೆ ತಿನ್ನಬೇಕೆಂದಿತ್ತು.

"ಗಾರ್ಡ್ ಎಲ್ಲಿ?" ಎಂದು ಒಬ್ಬರು ಕೇಳಿದರು.

"ಯಾರದೋ ಟ್ಯೂಬ್ ಹೋಗಿರುತ್ತೆ. ಅವರ ಜೊತೆ ಇರ್ತಾರೆ ಬಿಡಿ."

ಫೋಟೋ ತೆಗೆದುಕೊಂಡರು. ಒಬ್ಬರನ್ನೊಬ್ಬರು ರೇಗಿಸಿದರು. ಬಿಸಿಲು ಏರಿತು. ಆಗ ಕ್ಲಬ್ಬಿನ ಹಿರಿಯರೊಬ್ಬರು, ವೈಯಾಲಿಕಾವಲ್‌ನಿಂದ ಬರುವವರು, ಸುತ್ತ ಒಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು.

"ಎಲ್ಲರೂ ಇಲ್ಲೇ ಇದೀವಲ್ರೋ" ಎಂದರು.

 ಅಷ್ಟು ವರ್ಷಗಳಲ್ಲಿ ನಾವು ಮೊದಲ ಸಲ ತಲೆ ಎಣಿಸಿದ್ದೆವು. ಅವರ ಜೊತೆ ಇರಬೇಕಾದವರು ಯಾರೂ ಬಾಕಿ ಇರಲಿಲ್ಲ.

ಹುಡುಕುತ್ತ ಇಳಿದು ಬಂದಾಗ, ಒಂದು ತಿರುವಿನಲ್ಲಿ ರಸ್ತೆ ಪಕ್ಕದ ಗೋಡೆಗೆ ಒರಗಿ ಗಾರ್ಡ್ ಸಾರ್ ಕೂತಿದ್ದರು. ಹೆಲ್ಮೆಟ್ ಕಳಚಿ ಪಕ್ಕಕ್ಕಿಟ್ಟಿದ್ದರು. ಸೈಕಲ್ಲನ್ನು ನಮಗೆ ಹೇಳಿಕೊಟ್ಟ ಹಾಗೆಯೇ ಚೈನಿನ ಕಡೆ ಮೇಲಾಗಿ ಮಲಗಿಸಿದ್ದರು. ಎಷ್ಟೋ ಕಾರುಗಳು ಅವರ ಮುಂದೆ ಹಾದುಹೋಗಿರಬೇಕು. ಬೆಟ್ಟದಲ್ಲಿ ಸೈಕಲ್‌ನವರು ದಣಿದು ಕೂತಿರುವುದು ಯಾರಿಗೂ ಹೊಸದಲ್ಲ, ಯಾರೂ ನಿಲ್ಲಿಸಿರಲಿಲ್ಲ. ಬಟ್ಟೆ ಅಂಗಡಿಯವನು ಮೊದಲು ತಲುಪಿದ. ಅವನು "ಸಾರ್, ಸಾರ್" ಎಂದು ಅಲುಗಿಸುವಾಗ ನನ್ನ ಕಣ್ಣು, ಯಾಕೋ, ಸೈಕಲ್ ಮೇಲೆ ಹೋಯಿತು. ಚೈನು ನನ್ನ ಕ್ಯಾಸೆಟ್ಟಿನ ಅತಿ ದೊಡ್ಡ ತಟ್ಟೆಯ ಮೇಲಿತ್ತು. ಅದಕ್ಕಿಂತ ಹಗುರವಾದದ್ದು ಅದರಲ್ಲಿರಲಿಲ್ಲ.

ಹೃದಯದ ರಕ್ತನಾಳ ಬಹಳ ದಿನಗಳಿಂದಲೇ ಕಟ್ಟಿಕೊಂಡಿತ್ತು, ಮನೆಯಲ್ಲಿ ಮೆಟ್ಟಿಲು ಹತ್ತುವಾಗಲೂ ಪ್ರಾಣ ಹೋಗಬಹುದಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಬೇಗ ಯಾರಾದರೂ ನೋಡಿದ್ದರೆ ಎಂದು ಒಬ್ಬರು ಕೇಳಿದ್ದಕ್ಕೆ ಅವರು ಕಾಗದಕ್ಕೆ ಸಹಿ ಹಾಕಿ ಎದ್ದುಹೋದರು. ನಾನು ಡಾಕ್ಟರ ಮಾತನ್ನು ನಂಬುತ್ತೇನೆ. ನಂಬಿದ್ದರಿಂದ ಏನೂ ಹಗುರಾಗಲಿಲ್ಲ.

ಕ್ಲಬ್ಬು ಮುಗಿದಿಲ್ಲ. ಮೊಬೈಲಿನ ನಕ್ಷೆಯಲ್ಲಿ ಈಗ ಎಲ್ಲರ ಚುಕ್ಕೆಗಳೂ ಕಾಣುತ್ತವೆ, ಯಾರು ಎಲ್ಲಿ ನಿಂತರೂ ಗೊತ್ತಾಗುತ್ತದೆ. ಕೊನೆಯಲ್ಲಿ ಬರುವ ಕೆಲಸವನ್ನು ಕೆಲವು ವಾರ ಬಟ್ಟೆ ಅಂಗಡಿಯವನು ವಹಿಸಿಕೊಂಡಿದ್ದ. ಒಂದು ದಿನ ತಿಂಡಿಯ ಹೊತ್ತಿಗೆ ನನ್ನ ಪಕ್ಕ ಬಂದು ಕೂತ. "ನನ್ನ ಕೈಲಿ ಆಗಲ್ಲ ಮೇಡಂ. ಹಿಂದೆ ಯಾರೂ ಇಲ್ಲ ಅಂದ್ರೆ ಬೆನ್ನೆಲ್ಲ ತಣ್ಣಗಾಗುತ್ತೆ. ಅವರು ಅಷ್ಟು ವರ್ಷ ಹೆಂಗಿದ್ರು?"  ಅವರನ್ನು ನಾವು ಯಾರೂ ಕೇಳಿರಲಿಲ್ಲ. ಅದಾದ ಮೇಲೆ ನಾನು ಹೋಗುವುದನ್ನು ನಿಲ್ಲಿಸಿದೆ. ಸಕ್ಕರೆ ಮತ್ತೆ ಏರಿದೆ. ಡಾಕ್ಟರು ಬೈಯುತ್ತಾರೆ.

ಅಂಗಡಿಗೆ ಬೀಗ ಹಾಕಿದ್ದಾರೆ, ಹಿಂದಿನ ಮನೆಗೆ ಪಕ್ಕದ ಓಣಿಯಿಂದ ಹೋಗಬೇಕು. ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಮೊದಲ ಸಲ ಹೋದಾಗ ಹಿತ್ತಿಲಿನಲ್ಲಿ ಅವರ ಸೈಕಲ್ ನನ್ನ ಕ್ಯಾಸೆಟ್ಟಿನೊಂದಿಗೇ ನಿಂತಿತ್ತು.

"ಅವರದು ನನ್ನ ಹತ್ರ ಇದೆ ಅಮ್ಮ. ತಂದು ಬದಲಾಯಿಸಿ ಕೊಡ್ತೀನಿ" ಎಂದು ಅವರ ಹೆಂಡತಿಗೆ ಹೇಳಿದೆ.

"ಯಾರು ಓಡಿಸ್ಬೇಕು ಅದನ್ನ?" ಎಂದರು. ಕೋಪದಲ್ಲಿ ಅಲ್ಲ. ನನಗೆ ಕಾಫಿ ತಂದುಕೊಟ್ಟು ಎದುರಿಗೆ ಕೂತರು.

ಹೋದಾಗಲೆಲ್ಲ ಆಕೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಕ್ಲಬ್ಬಿನವರು ಯಾರು ಹೋದರೂ ಅವರನ್ನೂ ಕೇಳಿದ್ದಾರೆ. "ಕೊನೇಲಿ ಏನಾದ್ರೂ ಅಂದ್ರಾ?" ಎರಡನೆಯ ತಿರುವಿನವರೆಗೆ ಕೇಳಿಸಿದ್ದನ್ನು ನಾನು ಹೇಳುತ್ತೇನೆ. ಹೂವಿನವರ ಪಕ್ಕ ತಮಗೆ ಅವರು ಹೇಳಿದ್ದನ್ನು, ಟೆಂಪೋದಲ್ಲಿ ಆಡಿದ ತಮಾಷೆಯನ್ನು ಉಳಿದವರು ಹೇಳಿದ್ದಾರೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳುತ್ತಾರೆ. ಕೇಳಿ ಮುಗಿದ ಮೇಲೆ, "ಅದು ಮೊದಲು. ಆಮೇಲೆ?" ಎನ್ನುತ್ತಾರೆ.

ಗೋಡೆಗೆ ಒರಗಿ ಕೂತ ಮೇಲೆ ಅವರು ಯಾರನ್ನಾದರೂ ಕರೆದರೋ, ನೀರು ಕೇಳಿದರೋ, ಹೆಂಡತಿಗೆ ಏನಾದರೂ ಹೇಳಿದರೋ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.